ಆಯುಧಪೂಜೆ, ವಿಜಯದಶಮಿಗೆ ಮೈಸೂರು: ಅರಮನೆ ಒಳಗೆ ಯಾವತ್ತು ನೋಡೋದು, ಸವಾರಿಗೆ ಎಲ್ಲಿ ಕೂರೋದು?

ಉಣಕಲ್ ಕೆರೆ ದಂಡಿ

ನಮಸ್ಕಾರ್ರಿ. ಹುಬ್ಬಳ್ಳಿಯಿಂದ ಐದು ಮಂದಿ ದಸರಾಕ್ಕ ಮೈಸೂರಿಗೆ ಬರೋರಿದ್ದೀವಿ. ಅವ್ವಗ 68 ವರ್ಷ, ಮೊಣಕಾಲು ನೋವು, ನಿಂತ್ಕೊಂಡ್ರ ಇಪ್ಪತ್ತು ನಿಮಿಷ ಅಷ್ಟ. ಮಗ ಏಳು ವರ್ಷದವ. ಉಳಿದ ಮೂವರು ನಡಿಯೋರು.

ಈಗ ಹಾಕ್ಕೊಂಡಿರೋ ಪ್ಲಾನ್ ಹಿಂಗದ: ಆಯುಧಪೂಜೆ ದಿನ ಬೆಳಿಗ್ಗೆ ರೈಲು ಇಳಿದು, ತಿಂಡಿ ಮುಗಿಸಿ 11ರ ಸುಮಾರಿಗೆ ಅರಮನೆ ಒಳಗ. ಅವತ್ತೇ ಸಂಜೆ ದೀಪಾಲಂಕಾರ. ಮರುದಿನ ಮಧ್ಯಾಹ್ನ ಜಂಬೂಸವಾರಿ, ರಾತ್ರಿ ರೈಲಿಗೆ ವಾಪಸ್. ಯುವ ದಸರಾ, ಮೃಗಾಲಯ ಏನೂ ಬ್ಯಾಡ.

ಕೇಳೋದಿಷ್ಟು. ಅರಮನೆಗೆ ಎಷ್ಟು ತಾಸು ಬೇಕು, ಯಾವ ಗೇಟು? ಸವಾರಿ ನೋಡಾಕ ಎಲ್ಲಿ ಕೂತ್ರ ಚೊಲೋ? ಗೋಲ್ಡ್ ಕಾರ್ಡ್ ಪಾಸ್ ತಗೊಂಡ್ರ ಇದೆಲ್ಲಾ ತಲಿಬ್ಯಾನಿ ತಪ್ಪತದೇನು?

---

ಅಗ್ರಹಾರ ನಾಕು

ಮೇಡಂ, ಟಿಕೆಟ್ ಬುಕ್ ಆಗಿಲ್ಲ ಅಂದ್ರೆ ಮೊದಲು ಪ್ಲಾನ್ ಬದಲಾಯಿಸಿ. ಆಯುಧಪೂಜೆ, ವಿಜಯದಶಮಿ ಎರಡೂ ದಿನ ಅರಮನೆ ಒಳಗೆ ಪ್ರವಾಸಿಗರಿಗೆ ಪ್ರವೇಶ ಇರಲ್ಲ ಅಂತಲೇ ಲೆಕ್ಕ ಹಾಕ್ಕೊಳ್ಳಿ. ಆಯುಧಪೂಜೆ ಬೆಳಿಗ್ಗೆ ಪಟ್ಟದ ಕತ್ತಿ, ಆಯುಧಗಳು ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಹೋಗಿ ಪೂಜೆ ಆಗಿ ಬರ್ತವೆ. ಆಮೇಲೆ ಪಟ್ಟದ ಆನೆ, ಪಟ್ಟದ ಕುದುರೆ, ವಾಹನಗಳ ಪೂಜೆ. ಮರುದಿನ ಬೆಳಿಗ್ಗೆ ಅರಮನೆಯ ಒಳ ಅಂಗಳ ಸವಾರಿ ತೊಟ್ಟಿಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ, ಅದಾದ ಮೇಲೆ ಇಡೀ ಅಂಗಳ ಸವಾರಿಯ ತಯಾರಿಗೆ. ಇದೆಲ್ಲ ನಡೆಯೋದು ನೀವು ಟಿಕೆಟ್ ತಗೊಂಡು ಓಡಾಡೋ ಜಾಗದಲ್ಲೇ. ನವರಾತ್ರಿ ಮೊದಲ ದಿನವೂ ಹಾಗೇ: ಸಿಂಹಾಸನಕ್ಕೆ ಸಿಂಹ ಜೋಡಣೆ, ಖಾಸಗಿ ದರ್ಬಾರ್ ಮುಗಿದು ಮಧ್ಯಾಹ್ನ ಮೇಲಾದರೇ ಬಿಡೋದು. ಅರಮನೆ ಮಂಡಳಿ ಪ್ರತಿ ವರ್ಷ ದಿನಾಂಕ, ಗಂಟೆ ಸಮೇತ ಪ್ರಕಟಣೆ ಹಾಕುತ್ತೆ. ರೈಲು ಬುಕ್ ಮಾಡೋ ಮುಂಚೆ ಅದನ್ನು ನೋಡಿ. ಹೊರ ಊರಿನವರು ಎಡವೋದು ಇಲ್ಲೇ. ರಜೆ ಇರೋದು ಆ ಎರಡು ದಿನ, ಅರಮನೆ ಮುಚ್ಚೋದೂ ಅದೇ ಎರಡು ದಿನ.

ನಿಮಗೆ ಸರಿಹೊಂದೋದು ನವರಾತ್ರಿಯ ಮೂರರಿಂದ ಆರನೇ ದಿನದೊಳಗೆ, ಅದರಲ್ಲೂ ಶನಿವಾರ ಭಾನುವಾರ ಬಿಟ್ಟು. ಮಕ್ಕಳಿಗೆ ಶಾಲೆಗೆ ಹೇಗೂ ದಸರಾ ರಜೆ. ಆ ದಿನಗಳಲ್ಲಿ ಇನ್ನೊಂದು ಲಾಭ ಇದೆ. ರತ್ನಖಚಿತ ಸಿಂಹಾಸನ ವರ್ಷವಿಡೀ ಬಿಡಿ ಬಿಡಿಯಾಗಿ ಭದ್ರತಾ ಕೊಠಡಿಯಲ್ಲಿರುತ್ತೆ, ಜೋಡಿಸಿ ಇಡೋದು ದಸರೆಗೆ ಮಾತ್ರ. ಬೇಸಿಗೆ ರಜೆಯಲ್ಲಿ ಬಂದವರಿಗೆ ಅದು ಸಿಗಲ್ಲ. ಅಂಬಾರಿಯಾದರೆ ಮಾಮೂಲಿ ದಿನಗಳಲ್ಲೂ ಗಾಜಿನೊಳಗೆ ನೋಡಬಹುದು.

ಇನ್ನು ಒಳಗೆ ಹೋಗೋದು.

ಗೇಟು: ಪ್ರವಾಸಿಗರಿಗೆ ದಕ್ಷಿಣದ ವರಾಹ ದ್ವಾರ. ಫೋಟೋಗಳಲ್ಲಿ ಕಾಣೋ ದೊಡ್ಡ ಕಮಾನು ಪೂರ್ವದ ಜಯಮಾರ್ತಾಂಡ ದ್ವಾರ. ಆಟೋದವರಿಗೆ ಬರೀ 'ಪ್ಯಾಲೆಸ್' ಅಂದ್ರೆ ಅವರಿಗೆ ಅನುಕೂಲ ಇರೋ ಕಡೆ ಇಳಿಸ್ತಾರೆ, ಆಮೇಲೆ ಕೋಟೆ ಗೋಡೆ ಸುತ್ತಿ ನಡೆಯೋ ಕೆಲಸ ನಿಮ್ಮದು. 'ವರಾಹ ಗೇಟ್, ಟಿಕೆಟ್ ಕೌಂಟರ್' ಅಂತ ಬಿಡಿಸಿ ಹೇಳಿ.

ಸಮಯ: ಬೆಳಿಗ್ಗೆ 10ಕ್ಕೆ ತೆರೆದು ಸಂಜೆ 5:30ರವರೆಗೆ. ನೀವು 9:30ಕ್ಕೇ ಗೇಟಿನಲ್ಲಿರಬೇಕು. 11ರಿಂದ ಟೂರಿಸ್ಟ್ ಬಸ್ಸುಗಳು ಬರೋಕೆ ಶುರು. 12ರಿಂದ 3ರವರೆಗೆ ಒಳಗೆ ನಡೆಯೋದಲ್ಲ, ಹಿಂದಿನವರು ತಳ್ಳಿದಷ್ಟು ಮುಂದೆ ಹೋಗೋದು. ಆನ್‌ಲೈನ್ ಟಿಕೆಟ್ ಇದ್ದರೆ ಕೌಂಟರ್ ಸಾಲು ಒಂದು ತಪ್ಪುತ್ತೆ, ಬ್ಯಾಗ್ ತಪಾಸಣೆ ಸಾಲು ಎಲ್ಲರಿಗೂ ಒಂದೇ. ಆದಷ್ಟು ಬ್ಯಾಗ್ ಇಲ್ಲದೆ ಬನ್ನಿ.

ಚಪ್ಪಲಿ: ಕಟ್ಟಡದೊಳಗೆ ಬರಿಗಾಲು. ಸ್ಟ್ಯಾಂಡಿನಲ್ಲಿ ಬಿಟ್ಟು ಟೋಕನ್ ತಗೊಳ್ಳಬೇಕು. ಐದು ಜನರ ಚಪ್ಪಲಿಯನ್ನೂ ಒಂದೇ ಬಟ್ಟೆಚೀಲಕ್ಕೆ ಹಾಕಿ ಕೊಟ್ಟರೆ ಟೋಕನ್ ಒಂದೇ, ವಾಪಸ್ ಬರುವಾಗ ಹುಡುಕಾಟವೂ ಇಲ್ಲ. ಸ್ಟ್ಯಾಂಡಿನಿಂದ ಬಾಗಿಲವರೆಗೆ ಬಿಸಿಲಿಗೆ ಕಾದ ನೆಲ ಇರುತ್ತೆ, ಅಮ್ಮನಿಗೆ ಕಾಲುಚೀಲ ಹಾಕಿಸಿ. ಒಳಗಿನ ನೆಲ ನುಣುಪು, ಹಾಗಾಗಿ ಮೆಟ್ಟಿಲು ಹತ್ತುವಾಗ ಅದನ್ನು ತೆಗೆದುಬಿಡಲಿ. ಜಾರುತ್ತೆ.

ದಾರಿ ಒಳಗೆ ಒಂದೇ ದಿಕ್ಕು: ಗೊಂಬೆ ತೊಟ್ಟಿ, ಆನೆ ಬಾಗಿಲು, ಕಲ್ಯಾಣ ಮಂಟಪ, ಮೇಲೆ ದರ್ಬಾರ್ ಹಾಲ್, ಅಂಬಾವಿಲಾಸ, ಅಲ್ಲಿಂದ ಕೆಳಗೆ. ದಾಟಿ ಹೋದದ್ದಕ್ಕೆ ವಾಪಸ್ ಬರೋಕೆ ಬಿಡಲ್ಲ. ಜನ ಸಿಕ್ಕಿಹಾಕಿಕೊಳ್ಳೋದು ಎರಡು ಕಡೆ. ಒಂದು ಕಲ್ಯಾಣ ಮಂಟಪ: ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿ ಕಂಡ ಕೂಡಲೇ ಎಲ್ಲರೂ ನಡುದಾರಿಯಲ್ಲೇ ತಲೆ ಎತ್ತಿ ನಿಂತುಬಿಡ್ತಾರೆ. ನೀವು ಪಕ್ಕಕ್ಕೆ ಸರಿದು ಕಂಬದ ಮಗ್ಗುಲಿಗೆ ನಿಲ್ಲಿ, ಚಾವಣಿ ಅಲ್ಲಿಂದಲೂ ಕಾಣುತ್ತೆ, ಯಾರೂ ತಳ್ಳಲ್ಲ. ಆ ಕಂಬಗಳನ್ನೂ ಸ್ವಲ್ಪ ನೋಡಿ, ಕಲ್ಲಿನವಲ್ಲ, ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದವು. ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಈ ಕಟ್ಟಡ ಮುಗಿಯಿತು. ಕಲ್ಲು, ಕಬ್ಬಿಣ ಇಷ್ಟು ಹೇರಳವಾಗಿ ಬಳಸಿದ್ದು ಆ ಬೆಂಕಿಯ ಪಾಠ.

ಎರಡನೇ ಇಕ್ಕಟ್ಟು ಮೇಲಿನ ಮಹಡಿಯ ಮೆಟ್ಟಿಲು. ನಡುವೆ ನಿಂತು ಸುಧಾರಿಸಿಕೊಳ್ಳೋಕೆ ಜಾಗ ಇರಲ್ಲ. ಅಮ್ಮನವರನ್ನು ಗೋಡೆ ಪಕ್ಕ ಬಿಟ್ಟು ಹಿಂದೆ ಒಬ್ಬರು ಬರಲಿ. ಗಾಲಿಕುರ್ಚಿ ಬೇಕು ಅನ್ನಿಸಿದರೆ ವರಾಹ ದ್ವಾರದಲ್ಲೇ ವಿಚಾರಿಸಿ, ಒಳಗೆ ಬಂದ ಮೇಲೆ ಕೇಳಿದರೆ ಮತ್ತೆ ಆಚೆ ಹೋಗಿ ಬರಬೇಕಾಗುತ್ತೆ. ನಿಧಾನಕ್ಕೆ ನೋಡಿದರೆ ಒಟ್ಟು ಎರಡು ಗಂಟೆ. ಚಪ್ಪಲಿ ಸಾಲಿಗೆ ಅರ್ಧ ಗಂಟೆ ಸೇರಿಸಿಕೊಳ್ಳಿ.

ನನ್ನ ಕೇಳಿದರೆ ಕಲ್ಯಾಣ ಮಂಟಪದ ಸುತ್ತಲ ಗೋಡೆಯ ವರ್ಣಚಿತ್ರಗಳನ್ನು ತಪ್ಪಿಸಬೇಡಿ. ಇಡೀ ಜಂಬೂಸವಾರಿ ಅಲ್ಲಿದೆ, ಕಣ್ಣಿನ ಎತ್ತರಕ್ಕೆ: ಮಹಾರಾಜರು ಅಂಬಾರಿಯಲ್ಲಿ, ಮುಂದೆ ಕುದುರೆ ದಳ, ಬ್ಯಾಂಡು, ರಸ್ತೆ ಬದಿ ರುಮಾಲಿನ ಜನ. ಹುಡುಗನಿಗೆ ತೋರಿಸಿ, ಮುಖಗಳು ಒಂದರಂತೆ ಒಂದಿಲ್ಲ.

---

ಉಣಕಲ್ ಕೆರೆ ದಂಡಿ

ಅಯ್ಯ, ಇಷ್ಟು ದಿನ ಯಾರೂ ಇದನ್ನ ಹೇಳಿರ್ಲಿಲ್ರಿ. ರೈಲು ಇನ್ನೂ ಬುಕ್ ಮಾಡಿಲ್ಲ. ಹಂಗಾರ ನಡುವಿನ ದಿನಗಳಿಗೆ ಬಂದ್ರ ಸವಾರಿ ತಪ್ಪತದ, ಸವಾರಿಗೆ ಬಂದ್ರ ಅರಮನಿ ತಪ್ಪತದ. ಎರಡೂ ಬೇಕಂದ್ರ ಐದಾರು ದಿನ ಇರಬೇಕಾಗ್ತದ, ಲಾಡ್ಜ್ ರೇಟು ನೋಡಿದ್ರ ಅದು ಆಗೂ ಮಾತಲ್ಲ. ಫುಟ್‌ಪಾತ್‌ ಮ್ಯಾಲೆ ಅವ್ವನ್ನ ಕೂಡ್ಸಬಹುದೇನು? ಎಷ್ಟು ತಾಸು?

---

ಬಂಬೂ ಬಜಾರ್

ಸವಾರಿ ಬಗ್ಗೆ ನಾನು ಹೇಳ್ತೀನಿ, ಕೇಳಿ ಆಮೇಲೆ ನೀವೇ ತೀರ್ಮಾನ ಮಾಡಿ.

ಅರಮನೆಯ ಬಲರಾಮ ದ್ವಾರದಿಂದ ಹೊರಟು ಚಾಮರಾಜ ವೃತ್ತ, ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ಉದ್ದಕ್ಕೂ ಆಯುರ್ವೇದ ಕಾಲೇಜು ವೃತ್ತ, ಬಂಬೂ ಬಜಾರ್, ಹೈವೇ ವೃತ್ತ, ಕೊನೆಗೆ ಬನ್ನಿಮಂಟಪ. ಹತ್ತಿರ ಹತ್ತಿರ 5 ಕಿ.ಮೀ. ಇತ್ತೀಚಿನ ವರ್ಷಗಳಲ್ಲಿ ನಂದಿಧ್ವಜ ಪೂಜೆ ಮಧ್ಯಾಹ್ನ 1ರಿಂದ 2ರ ಆಸುಪಾಸು, ಅಂಬಾರಿಗೆ ಪುಷ್ಪಾರ್ಚನೆ 4ರಿಂದ 5ರೊಳಗೆ. ಮುಹೂರ್ತ ವರ್ಷ ವರ್ಷ ಬದಲಾಗುತ್ತೆ, ಆದರೆ ನಡುವೆ ಎರಡು ಮೂರು ಗಂಟೆಯಾದರೂ ಇದ್ದೇ ಇರುತ್ತೆ. ಬಾವುಟ ಹೊತ್ತ ನಿಶಾನೆ ಆನೆ, ನಗಾರಿ ಹೊತ್ತ ನೌಫತ್ ಆನೆ, ಡೊಳ್ಳು, ವೀರಗಾಸೆ, ಕಂಸಾಳೆ, ಜಿಲ್ಲೆಗೊಂದು ಸ್ತಬ್ಧಚಿತ್ರ, ಇಷ್ಟೂ ಹೋಗೋದು ಆಗಲೇ. ಅಂಬಾರಿ ಎಲ್ಲಕ್ಕಿಂತ ಹಿಂದೆ.

ಸಯ್ಯಾಜಿರಾವ್ ರಸ್ತೆಯಲ್ಲಿ ಮೊದಲ ಸಾಲು ಬೇಕಂದ್ರೆ ಬೆಳಿಗ್ಗೆ 9ಕ್ಕೆ ಕೂತಿರಬೇಕು. 12ರ ಹೊತ್ತಿಗೆ ಫುಟ್‌ಪಾತ್ ಭರ್ತಿ. ಅಲ್ಲಿಗೆ ಏಳೆಂಟು ಗಂಟೆ ನೆಲದ ಮೇಲೆ. ಎದ್ದು ಶೌಚಾಲಯಕ್ಕೆ ಹೋದರೆ ಜಾಗ ಹೋಯ್ತು, ಅದಕ್ಕೇ ವಯಸ್ಸಾದವರು ನೀರು ಕುಡಿಯೋದನ್ನೇ ಬಿಟ್ಟು ಕೂರ್ತಾರೆ, ಮೂರು ಗಂಟೆ ಬಿಸಿಲಿಗೆ ತಲೆಸುತ್ತು. ಮೊಣಕಾಲು ನೋವಿರೋರನ್ನು ಅಲ್ಲಿ ಕೂರಿಸಬೇಡಿ.

ಆದರೂ ಬರ್ತೀವಿ ಅನ್ನೋರಿಗೆ ಒಂದು ಮುಖ್ಯ ಮಾತು, ಇದನ್ನ ಯಾರೂ ಯೋಚನೆ ಮಾಡಲ್ಲ: ಸವಾರಿ ರಸ್ತೆ ಊರನ್ನು ಎರಡು ಭಾಗ ಮಾಡುತ್ತೆ. ರೈಲು ನಿಲ್ದಾಣ ರಸ್ತೆಯ ಪಶ್ಚಿಮಕ್ಕೆ. ಸಬರ್ಬನ್ ಬಸ್ ನಿಲ್ದಾಣ, ದೊಡ್ಡಕೆರೆ ಮೈದಾನದ ಪಾರ್ಕಿಂಗ್ ಪೂರ್ವಕ್ಕೆ. ಮಧ್ಯಾಹ್ನ ಬ್ಯಾರಿಕೇಡ್ ಹಾಕಿದ ಮೇಲೆ ಈ ಕಡೆಯಿಂದ ಆ ಕಡೆಗೆ ದಾಟೋದು ಮರೆತುಬಿಡಿ, ಮೆರವಣಿಗೆಯ ಬಾಲ ದಾಟೋವರೆಗೂ. ಪೂರ್ವದ ಫುಟ್‌ಪಾತಿನಲ್ಲಿ ಕೂತು ರಾತ್ರಿ ರೈಲು ಹಿಡಿಯಬೇಕಾದರೆ ಅರಮನೆಯ ದಕ್ಷಿಣಕ್ಕೆ ಬಂದು ಗನ್‌ಹೌಸ್ ಕಡೆಯಿಂದ ಸುತ್ತಿ ಜೆಎಲ್‌ಬಿ ರಸ್ತೆ ಸೇರಬೇಕು, ಲಗೇಜು ಮಗು ಸಮೇತ, ಕಾಲ್ನಡಿಗೆಯಲ್ಲಿ. ಅವತ್ತು ಆಟೋ ಅನ್ನೋ ಮಾತೇ ಇಲ್ಲ. ರೈಲಿನವರು ಪಶ್ಚಿಮಕ್ಕೆ, ಬಸ್ಸು ಕಾರಿನವರು ಪೂರ್ವಕ್ಕೆ.

ಪಶ್ಚಿಮದ ಬದಿಗೆ ಇನ್ನೊಂದು ಅನುಕೂಲ. ಎರಡು ಗಂಟೆ ಮೇಲೆ ಕಟ್ಟಡದ ನೆರಳು ಆ ಫುಟ್‌ಪಾತಿನ ಮೇಲೆ ಬೀಳುತ್ತೆ, ಸೂರ್ಯ ಬೆನ್ನಿಗೆ. ಎದುರು ಕೂತವರು ಐದು ಗಂಟೆವರೆಗೆ ಕಣ್ಣು ಕಿರಿದು ಮಾಡಿಕೊಂಡೇ ನೋಡಬೇಕು.

ಹತ್ತಬಾರದ ಜಾಗಗಳು: ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ. ಲ್ಯಾನ್ಸ್‌ಡೌನ್ ಒಂದು ಭಾಗ 2012ರಲ್ಲಿ ಕುಸಿದು ಸಾವಾಗಿದೆ, ಮಾರುಕಟ್ಟೆಯ ಉತ್ತರದ ಬಾಗಿಲ ಕಡೆ 2016ರಲ್ಲಿ ಬಿದ್ದಿದೆ. ಮರದ ಕೊಂಬೆ, ಅಂಗಡಿ ಮುಂದಿನ ಶೀಟು ಕೂಡ ಹಾಗೇ, ಒಬ್ಬನನ್ನು ಹೊರುತ್ತೆ, ಹತ್ತು ಜನರನ್ನಲ್ಲ.

ಅಂಬಾರಿ ಕಾಣಲ್ಲವೇನೋ ಅಂತ ಹೆದರೋದು ಬೇಡ. ಆನೆಯೇ ಒಂಬತ್ತು ಅಡಿ ಹತ್ತಿರ, ಅದರ ಮೇಲೆ ಅಂಬಾರಿ. ಹತ್ತನೇ ಸಾಲಿನಿಂದಲೂ ತಾಯಿ ಚಾಮುಂಡೇಶ್ವರಿ ಕಾಣ್ತಾಳೆ. ಹಿಂದಿನ ಸಾಲಿನವರಿಗೆ ತಪ್ಪೋದು ಡೊಳ್ಳಿನವರು, ಕೋಲಾಟದವರು, ಸ್ತಬ್ಧಚಿತ್ರದ ಕೆಳಗಿನ ಅರ್ಧ. ಹಾಗಾಗಿ ಅಂಬಾರಿ ಒಂದೇ ಸಾಕು ಅನ್ನೋರು ನಾಲ್ಕು ಗಂಟೆಗೆ ಬಂದು ಬಂಬೂ ಬಜಾರ್ ದಾಟಿ ನಿಂತರೂ ಆದೀತು. ಅಲ್ಲಿ ಜನ ಕಡಿಮೆ, ಆದರೆ ಆನೆ ಬರೋ ಹೊತ್ತಿಗೆ ಕತ್ತಲಾಗಿರುತ್ತೆ. ಅರಮನೆ ಕಡೆಯಿಂದ ಕುಶಾಲತೋಪು 21 ಸಲ ಕೇಳಿಸಿದರೆ ಪುಷ್ಪಾರ್ಚನೆ ಆಯ್ತು, ಇನ್ನು ಹೊರಡುತ್ತೆ ಅಂತ ಅರ್ಥ. ಕಾದು ಕಾದು ಸಾಕಾಗಿ ಜನ ಏಳೋದು ಸರಿಯಾಗಿ ಅದಕ್ಕೆ ಹತ್ತು ನಿಮಿಷ ಮುಂಚೆ.

ಮಗುವಿನ ಮುಂಗೈ ಮೇಲೆ ಬಾಲ್‌ಪೆನ್ನಿಂದ ಫೋನ್ ನಂಬರ್ ಬರೆಯಿರಿ. ಒಂದು ನಂಬರಲ್ಲ, ಎರಡು. ಜನಸಂದಣಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತೆ, ಅದಕ್ಕೆ ತಪ್ಪಿಸಿಕೊಂಡರೆ ಎಲ್ಲಿ ಸೇರೋದು ಅಂತ ಬೆಳಿಗ್ಗೆಯೇ ಮಾತಾಡಿಕೊಳ್ಳಿ. ಕೆ.ಆರ್. ವೃತ್ತ ಬೇಡ, ಅಲ್ಲೇ ಎಲ್ಲರೂ ತಪ್ಪಿಸಿಕೊಳ್ಳೋದು. ರೈಲು ನಿಲ್ದಾಣದ ಮುಖ್ಯದ್ವಾರ ಸಾಕು. ಪೀಪಿ ಊದೋ ಹುಡುಗರ ಕಾಟ ಇರುತ್ತೆ, ಮಗುವಿನ ಕಿವಿಗೆ ಹತ್ತಿ ಇಡಿ.

---

ಕಿಲ್ಲೆ ಮೊಹಲ್ಲಾ

ಗೋಲ್ಡ್ ಕಾರ್ಡ್ ಬಗ್ಗೆ ಯಾರೂ ಉತ್ತರಿಸಿಲ್ಲ. 2024ರಲ್ಲಿ ಒಬ್ಬರಿಗೆ 6,500 ರೂಪಾಯಿ. ಐದು ಜನಕ್ಕೆ ಎಷ್ಟಾಯ್ತು ನೀವೇ ಗುಣಿಸಿ. ಅದಕ್ಕೆ ಸಿಗೋ ಮುಖ್ಯ ವಸ್ತು ಅರಮನೆ ಅಂಗಳದಲ್ಲಿ ಕುರ್ಚಿ, ಸಂಜೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತಿಗೆ ಜಾಗ. ಕುರ್ಚಿ ಇದೆ ಅಂದ ಮಾತ್ರಕ್ಕೆ ಕಾಯೋದು ತಪ್ಪಲ್ಲ. ಮಧ್ಯಾಹ್ನಕ್ಕೆ ಮುಂಚೆ ಒಳಗೆ ಸೇರಿರಬೇಕು, ಪುಷ್ಪಾರ್ಚನೆಯವರೆಗೆ ಅಲ್ಲೇ. ಆಸನ ತುಂಬಿದ ಮೇಲೆ ಪಾಸ್ ತೋರಿಸಿದರೂ ಗೇಟಿನಲ್ಲಿ ನೂಕಾಟ. ಪಾಸಿನ ಮೇಲೆ ಯಾವ ದ್ವಾರ ಅಂತ ಬರೆದಿರುತ್ತೆ, ಬೇರೆ ಗೇಟಿನಿಂದ ಬಿಡಲ್ಲ. ತಪ್ಪು ಗೇಟಿಗೆ ಬಂದವರು ಕೋಟೆಯ ಅರ್ಧ ಸುತ್ತು ಆ ಜನರ ನಡುವೆ ನಡೆಯಬೇಕು. ಕೊಳ್ಳೋದಾದರೆ ದಸರಾ ಅಧಿಕೃತ ವೆಬ್‌ಸೈಟಿನಲ್ಲಿ ಮಾತ್ರ, ರಸ್ತೆಯಲ್ಲಿ ಯಾರೋ ಕೊಡೋ 'ಎಕ್ಸ್‌ಟ್ರಾ ಪಾಸ್' ಮುಟ್ಟಬೇಡಿ.

ಬನ್ನಿಮಂಟಪ, ಅರಮನೆ ಎರಡನ್ನೂ ಒಂದೇ ದಿನ ಹಿಡಿಯೋರು ಗಟ್ಟಿ ಕಾಲಿನವರು. ನಿಮ್ಮ ಪಂಗಡಕ್ಕೆ ಅಲ್ಲ.

---

ಆನೆ ಲದ್ದಿ

ಹೆಸರು ನೋಡಿ ನಗಬೇಡಿ, ವಿಷಯ ಆನೆಯದೇ. ಮೇಲಿನವರಿಬ್ಬರೂ ಸವಾರಿ ಒಂದೇ ದಿನ ಅನ್ನೋ ಹಾಗೆ ಬರೆದಿದ್ದಾರೆ. ಒಪ್ಪಲ್ಲ. ಅದೇ ಆನೆಗಳು, ಅದೇ ರಸ್ತೆ, ದಿನಾ ಬೆಳಿಗ್ಗೆ ನಡೀತವೆ: ತಾಲೀಮು. ಆಗಸ್ಟ್‌ನಲ್ಲಿ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಅರಮನೆ ಸೇರಿದ ಮೇಲೆ ಸವಾರಿಗೆ ಹತ್ತಿರ ಬರೋವರೆಗೂ.

ಕ್ರಮ ಹೀಗೆ. ಮೊದಲ ದಿನಗಳಲ್ಲಿ ಬರಿಮೈ ನಡಿಗೆ, ರಸ್ತೆ ಶಬ್ದ ರೂಢಿ ಆಗಲಿ ಅಂತ. ಆಮೇಲೆ ಬೆನ್ನ ಮೇಲೆ ನಮ್ದಾ (ಮೆತ್ತನೆ ಹಾಸು), ಗಾದಿ ಕಟ್ಟಿ ಮರಳು ಮೂಟೆ, ತೂಕ ಹಂತ ಹಂತವಾಗಿ ಏರಿಸ್ತಾರೆ. ಕೊನೆಗೆ ಮರದ ಅಂಬಾರಿ. ನಿಜವಾದ ಅಂಬಾರಿ 750 ಕಿಲೋ. ಅದರ ಕೆಳಗಿನ ಗಾದಿ, ಹಗ್ಗ ಎಲ್ಲ ಸೇರಿದರೆ ಟನ್ನಿನ ಹತ್ತಿರ ಹೋಗುತ್ತೆ. ಇದನ್ನು ಏಕಾಏಕಿ ಹೊರಿಸಿದರೆ ಆನೆ ಮೈ ಕೊಡವುತ್ತೆ ಅಥವಾ ಒಂದು ಮಗ್ಗುಲಿಗೆ ವಾಲುತ್ತೆ. ಹಗ್ಗ ಕಟ್ಟುವಾಗ ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಆದರೆ 5 ಕಿ.ಮೀ. ಮುಗಿಯೋದರೊಳಗೆ ಅಂಬಾರಿ ಓರೆ ಆಗುತ್ತೆ. ಸವಾರಿಯಲ್ಲಿ ಎರಡು ಬದಿಗೆ ಕುಮ್ಕಿ ಆನೆಗಳು ಅಂಟಿಕೊಂಡೇ ನಡೆಯೋದು ಶೋಭೆಗೆ ಮಾತ್ರ ಅಲ್ಲ, ನಡುವಿನ ಆನೆ ಬೆದರದೆ ನೇರ ನಡೆಯಲಿ ಅಂತ. ಕುಶಾಲತೋಪಿನ ಸದ್ದಿಗೂ ಬೇರೆ ತಾಲೀಮು ಇರುತ್ತೆ.

2020ರಿಂದ 2025ರವರೆಗೆ ಅಂಬಾರಿ ಹೊತ್ತದ್ದು ಮತ್ತಿಗೋಡು ಶಿಬಿರದ ಅಭಿಮನ್ಯು. ಅವನಿಗಿಂತ ಮುಂಚೆ ಅರ್ಜುನ 2012ರಿಂದ 2019ರವರೆಗೆ ಹೊತ್ತ. 60 ದಾಟಿದ ಆನೆಗೆ ಭಾರ ಹೊರಿಸಬಾರದು ಅಂತ ಅವನನ್ನು ಬಿಡಿಸಿದರು. ಹುಡುಗನಿಗೆ ಹೇಳಿ, ತಾಲೀಮಿನಲ್ಲಿ ಅಂಬಾರಿ ಹೊರೋ ಆನೆಯನ್ನು ಗುರುತು ಹಿಡೀಲಿ. ಸಾಮಾನ್ಯವಾಗಿ ಮುಂದಾಳು ಅದೇ.

ನೀವು ನವರಾತ್ರಿಯ ಮೊದಲರ್ಧದಲ್ಲಿ ಬಂದರೆ ಬೆಳಿಗ್ಗೆ 6:45ಕ್ಕೆ ಸಯ್ಯಾಜಿರಾವ್ ರಸ್ತೆ ಬದಿಗೆ ಹೋಗಿ ನಿಲ್ಲಿ. ಅಂಗಡಿಗಳು ತೆರೆದಿರಲ್ಲ, ಕಟ್ಟೆಗಳು ಖಾಲಿ, ಅಮ್ಮ ಕೂತು ನೋಡಬಹುದು. ಟಿಕೆಟ್ ಇಲ್ಲ, ಬ್ಯಾರಿಕೇಡ್ ಇಲ್ಲ, ನಡುವೆ ಹತ್ತಡಿ ಗಾಳಿ ಅಷ್ಟೇ. ಕಾಲಿಗೆ ಗೆಜ್ಜೆ ಇರಲ್ಲ, ಮೈಮೇಲೆ ಬಣ್ಣ ಇರಲ್ಲ, ಅಂಗಾಲು ಡಾಂಬರಿಗೆ ಒತ್ತೋ ಮೆತ್ತನೆ ಸದ್ದು ಕೇಳುತ್ತೆ. ಅಲಂಕಾರದ ಆನೆಗಿಂತ ಇದೇ ಚೆಂದ ಅನ್ನೋ ಪಕ್ಷದವನು ನಾನು. ಹಿಂದಿನ ದಿನ ಲಾಡ್ಜಿನವರನ್ನೋ ಆಟೋದವರನ್ನೋ 'ನಾಳೆ ತಾಲೀಮು ಇದೆಯಾ' ಅಂತ ಕೇಳಿ ಖಾತ್ರಿ ಮಾಡ್ಕೊಳ್ಳಿ. ಮಳೆ ಬಂದರೆ, ಆನೆಗಳಿಗೆ ವಿಶ್ರಾಂತಿ ಕೊಟ್ಟರೆ ಇರಲ್ಲ.

ಮಾಡಬಾರದ್ದು: ಫ್ಲ್ಯಾಶ್, ಬಾಳೆಹಣ್ಣು, ಹತ್ತಿರ ಹೋಗಿ ಸೆಲ್ಫಿ. 2024ರ ಸೆಪ್ಟೆಂಬರ್‌ನಲ್ಲಿ ರಾತ್ರಿ ಎರಡು ಆನೆ ಕಿತ್ತಾಡಿಕೊಂಡು ಅರಮನೆಯಿಂದ ರಸ್ತೆಗೇ ಓಡಿಬಂದಿದ್ದವು. ಪಳಗಿದ ಆನೆಯೂ ಆನೆಯೇ.

---

ಬಲ್ಬು ಎಣಿಸುವವ

ದೀಪಾಲಂಕಾರದ ಬಗ್ಗೆ ನಾಕು ಮಾತು. ಮಾಮೂಲಿಯಾಗಿ ಭಾನುವಾರ, ಸರ್ಕಾರಿ ರಜಾದಿನ ಮಾತ್ರ. ದಸರೆಯಲ್ಲಿ ದಿನಾ ಸಂಜೆ ಏಳರ ಹೊತ್ತಿಗೆ. ಸುಮಾರು ಒಂದು ಲಕ್ಷ ಬಲ್ಬು. ದೀಪ ನೋಡೋಕೆ ದುಡ್ಡಿಲ್ಲ. ಅರಮನೆ ಮುಂದಿನ ವೇದಿಕೆಯಲ್ಲಿ ಸಂಗೀತ ಕಾರ್ಯಕ್ರಮವೂ ಇರುತ್ತೆ, ಹೆಸರಾಂತ ಗಾಯಕರಿರೋ ದಿನ ಆರಕ್ಕೇ ಕುರ್ಚಿ ಮುಗಿದಿರುತ್ತೆ. ಅಮ್ಮನಿಗೆ ಕುರ್ಚಿ ಬೇಕು ಅಂದ್ರೆ 5:30ಕ್ಕೆ ಹೋಗಿ ಕೂತುಬಿಡಿ, ಸಂಗೀತಕ್ಕೆ ಸಂಗೀತ, ದೀಪಕ್ಕೆ ದೀಪ.

ಎಲ್ಲರೂ ಮಾಡೋ ತಪ್ಪು ಕಟ್ಟಡದ ಹತ್ತಿರ ನುಗ್ಗೋದು. ಹತ್ತಿರದಿಂದ ಫೋನ್ ಎತ್ತಿದರೆ ಗೋಪುರಗಳು ಹಿಂದಕ್ಕೆ ವಾಲಿದ ಹಾಗೆ ಬರ್ತವೆ. ಬೆನ್ನನ್ನು ಜಯಮಾರ್ತಾಂಡ ದ್ವಾರದ ಕಡೆಗೆ ಮಾಡಿ ಆದಷ್ಟು ಹಿಂದೆ, ನಡು ಗೋಪುರಕ್ಕೆ ನೇರಕ್ಕೆ ನಿಲ್ಲಿ. ಇಡೀ ಅಗಲ ಓರೆಯಿಲ್ಲದೆ ಸಿಗುತ್ತೆ, ಕಣ್ಣಿಗೂ ಅದೇ ಚೆಂದ.

ಫೋನಿನಲ್ಲಿ ತೆಗೆಯೋರು ಸುಮ್ಮನೆ ಒತ್ತಿದರೆ ಫೋನು ಕಪ್ಪು ಆಕಾಶ ನೋಡಿ ಬೆಳಕು ಹೆಚ್ಚಿಸುತ್ತೆ, ಬಲ್ಬುಗಳೆಲ್ಲ ಬಿಳಿ ಮುದ್ದೆ. ಬಲ್ಬುಗಳಿರೋ ಜಾಗದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ, ಒಂದೊಂದು ಬಲ್ಬೂ ಬೇರೆ ಬೇರೆ ಕಾಣೋವರೆಗೆ. ಕ್ಯಾಮೆರಾ ಇದ್ದರೆ ಐಎಸ್‌ಒ 400, ಎಫ್ 5.6, 1/15 ಸೆಕೆಂಡಿನಿಂದ ಶುರು ಮಾಡಿ ಚಿತ್ರ ನೋಡಿ ಏರಿಳಿಸಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, ಆ ಹೊನ್ನಿನ ಬಣ್ಣವನ್ನೇ ತೊಳೆದುಹಾಕುತ್ತೆ. ಡೇಲೈಟ್‌ಗೆ ಇಡಿ. ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗೋದು ಆರು ಗಂಟೆಯ ಸುಮಾರಿಗೆ, ಹಾಗಾಗಿ ದೀಪ ಹತ್ತೋ ಹೊತ್ತಿಗೆ ಆಕಾಶದ ನೀಲಿ ಮುಗಿದಿರುತ್ತೆ, ಅದಕ್ಕೆ ಕಾಯಬೇಡಿ. ಸಂಜೆ ಮಳೆ ಹೊಯ್ದರೆ ಬೇಜಾರು ಬೇಡ. ನಿಂತ ನೀರಿನ ಹತ್ತಿರ ಫೋನನ್ನು ನೆಲಕ್ಕೆ ತಾಗೋ ಹಾಗೆ ತಲೆಕೆಳಗು ಹಿಡಿದರೆ ಅರಮನೆ ಎರಡು ಸಿಗುತ್ತೆ.

ಒಂದೇ ಎಚ್ಚರಿಕೆ: ದೀಪ ಆರಿದ ಕೂಡಲೇ ಸಾವಿರಾರು ಜನ ಒಟ್ಟಿಗೆ ಗೇಟಿಗೆ ನುಗ್ಗುತ್ತಾರೆ. ಹತ್ತು ನಿಮಿಷ ಮುಂಚೆ ಹೊರಡಿ, ಇಲ್ಲ ಅರ್ಧ ಗಂಟೆ ಕೂತಲ್ಲೇ ಕೂತಿರಿ. ಸಂಜೆ ಅರಮನೆ ಸುತ್ತ ರಸ್ತೆಗಳೆಲ್ಲ ಏಕಮುಖ, ಆಟೋ ಬೇಕಾದರೆ ಗೇಟಿನ ಮುಂದೆ ನಿಂತು ಕಾಯೋದು ದಂಡ. ನಡುವೆ ನಿಂತು ನಿಂತು ಹತ್ತು ನಿಮಿಷ ನಡೆದರೆ ಸಿಗುತ್ತೆ.

---

ಉಣಕಲ್ ಕೆರೆ ದಂಡಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಹಂಗಾರ ಹಿಂಗ ಮಾಡ್ತೀವಿ: ನಾಲ್ಕನೇ ದಿನ ಬೆಳಿಗ್ಗೆ ಬರೋದು, ಅವತ್ತ ವಿಶ್ರಾಂತಿ, ಸಂಜೆ 5:30ಕ್ಕ ದೀಪ, ಸಂಗೀತ. ಐದನೇ ದಿನ 6:45ಕ್ಕ ತಾಲೀಮು, ತಿಂಡಿ, 9:30ಕ್ಕ ವರಾಹ ಗೇಟು. ರಾತ್ರಿ ರೈಲು. ಸವಾರಿ ದಿನ ಮನಿಯಾಗ ಚಂದನದಾಗ ನೇರಪ್ರಸಾರ ನೋಡೋದು, ಅವ್ವ ಅದಕ್ಕ ಒಪ್ಪ್ಯಾಳ. ಇನ್ನೆರಡು ಸಣ್ಣ ಪ್ರಶ್ನೆ. ರೈಲು ಎಷ್ಟು ಮೊದಲ ಬುಕ್ ಮಾಡ್ಬೇಕು? ಐದನೇ ದಿನ ರೂಮು ಬಿಟ್ಟ ಮ್ಯಾಲೆ ಲಗೇಜು ಎಲ್ಲಿ ಇಡೋದು?

---

ಅಗ್ರಹಾರ ನಾಕು

ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತೆ, ಹಳೇ 120 ದಿನದ ಲೆಕ್ಕ 2024ರ ನವೆಂಬರ್‌ಗೆ ಮುಗೀತು. ತೆರೆದ ದಿನ ಬೆಳಿಗ್ಗೆಯೇ ಮಾಡಿ, ಅಮ್ಮನವರಿಗೆ ಲೋವರ್ ಬರ್ತ್ ಕೋಟಾ ಆಯ್ಕೆ ಹಾಕಿ. ದಿನ ಎಣಿಸುವಾಗ ಪಂಚಾಂಗ ನೋಡಿ. 2025ರಲ್ಲಿ ತಿಥಿ ಹೆಚ್ಚಾಗಿ ದಸರಾ ಹನ್ನೊಂದು ದಿನ ಆಗಿತ್ತು. ಹತ್ತು ದಿನ ಅಂತ ಹಿಂದಿನಿಂದ ಎಣಿಸಿದರೆ ಒಂದು ದಿನ ಜಾರುತ್ತೆ.

ಲಗೇಜಿಗೆ ರೈಲು ನಿಲ್ದಾಣದ ಕ್ಲೋಕ್‌ರೂಮ್. ಬೀಗ ಹಾಕಿರದ ಬ್ಯಾಗನ್ನು ತಗೊಳ್ಳಲ್ಲ, ಬಟ್ಟೆಚೀಲ, ಹಗ್ಗ ಕಟ್ಟಿದ ಡಬ್ಬ ನಡೆಯಲ್ಲ. ಜಿಪ್ ಬ್ಯಾಗಾದರೆ ಎರಡು ಸಣ್ಣ ಬೀಗ ಹುಬ್ಬಳ್ಳಿಯಿಂದಲೇ ತನ್ನಿ. ರಸೀದಿ ಜೋಪಾನ. ಅಲ್ಲಿಂದ ವರಾಹ ದ್ವಾರ ಎರಡು ಎರಡೂವರೆ ಕಿ.ಮೀ., ಬೆಳಿಗ್ಗೆ ಒಂಬತ್ತಕ್ಕೆ ಆಟೋ ಸಿಗುತ್ತೆ.

---

ಆನೆ ಲದ್ದಿ

ಐದನೇ ದಿನ ಬೆಳಿಗ್ಗೆ ತಾಲೀಮು ಇದೆಯಾ ಅಂತ ನಾಲ್ಕನೇ ದಿನವೇ ವಿಚಾರಿಸಿ. ಕೆಲವು ದಿನ ಸಂಜೆಯೂ ನಡೆಸ್ತಾರೆ, ಆದರೆ ಆಗ ರಸ್ತೆ ತುಂಬಾ ಜನ, ಕಟ್ಟೆ ಖಾಲಿ ಇರಲ್ಲ. ಅಮ್ಮನಿಗೆ ಒಂದು ಮಡಚೋ ಸ್ಟೂಲ್ ತನ್ನಿ. ರೈಲಿನಲ್ಲೂ ಆಗುತ್ತೆ. ಅರಮನೆಗೆ ಹೋಗುವಾಗ ಮಾತ್ರ ಅದನ್ನೂ ಕ್ಲೋಕ್‌ರೂಮಿನ ಬ್ಯಾಗಿಗೇ ಸೇರಿಸಿ ಬೀಗ ಹಾಕಿ.